ಗೋಡೆಯ ಪಾಲಿನ ಮಾತುಗಳು

ನನ್ನ ಎಡಗಾಲಿನ ಚಪ್ಪಲಿ ನಡೆಯುವಾಗ ಕಿರ್ರೆನ್ನುತ್ತದೆ ಎಂಬ ಸತ್ಯದ ಸಾಕ್ಷಾತ್ಕಾರ ನನಗಾದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ, ಎರಡೂ ಕಿವಿಗೆ ಮಷಿನ್ ಹಾಕಿಸಿಕೊಂಡು ಬಂದ ಮರುದಿನ, ಇಳಕಲ್ಲಿನ ನಮ್ಮ ಓಣಿಯ ಕಲ್ಲುಹಾಸಿನ ಮೇಲೆ. ಮೊದಲು ಯಾವುದೋ ನಾಯಿಮರಿ ಬೆನ್ನು ಹತ್ತಿದೆಯೆಂದು ತಿರುಗಿ ನೋಡಿದೆ. ನಾನು ನಿಂತರೆ ಅದೂ ನಿಲ್ಲುತ್ತದೆ, ನಡೆದರೆ ಅದೂ ನಡೆಯುತ್ತದೆ. ಆಮೇಲೆ ಬಗ್ಗಿ ನೋಡಿ ನನ್ನಷ್ಟಕ್ಕೆ ನಾನೇ ನಾಚಿಕೊಂಡೆ. ಎಷ್ಟು ವರ್ಷಗಳಿಂದ ಈ ಸಂಗೀತವನ್ನು ಊರಿಗೆಲ್ಲ ಪುಕ್ಕಟೆ ಹಂಚುತ್ತ ಬಂದಿದ್ದೆನೋ, ಯಾರೊಬ್ಬರೂ ಹೇಳಿರಲಿಲ್ಲ.

ಅಥವಾ ಹೇಳಿದ್ದರೋ ಏನೋ. ಕಿವುಡನ ಬದುಕಿನಲ್ಲಿ ಇದೊಂದು ಬಗೆಹರಿಯದ ಜಿಜ್ಞಾಸೆ. ಜನ ಹೇಳಲಿಲ್ಲವೇ, ತಾನು ಕೇಳಲಿಲ್ಲವೇ ಎಂಬುದಕ್ಕೆ ಯಾವ ಪ್ರಮಾಣವೂ ಸಿಗದು. ಹುನಗುಂದದ ಹೈಸ್ಕೂಲಿನಲ್ಲಿ ಸೇವಾವಧಿಯುದ್ದಕ್ಕೂ ಕನ್ನಡ ಕಲಿಸಿದವನು ನಾನು. ನಿವೃತ್ತಿಯ ಹತ್ತಿರದ ದಿನಗಳಲ್ಲಿ ಹಿಂದಿನ ಬೆಂಚಿನವರು ಉತ್ತರ ಕೊಟ್ಟರೂ ‘ಗಟ್ಟಿಯಾಗಿ ಹೇಳು’ ಎಂದು ಗದರುತ್ತಿದ್ದೆ, ಅದನ್ನು ಎಲ್ಲರೂ ಶಿಸ್ತೆಂದು ತಿಳಿದರು, ನಾನೂ ಹಾಗೆಯೇ ತಿಳಿದೆ. ಇನ್ನು ಮನೆಯಿರುವುದೋ ಪವರ್‌ಲೂಮುಗಳ ಓಣಿಯಲ್ಲಿ. ಬೆಳಗಿನಿಂದ ಸಂಜೆವರೆಗೆ ಖಡಖಡ ನಡೆದಿರುವ ಈ ಓಣಿಯಲ್ಲಿ ಪಿಸುಮಾತೆಂಬುದೇ ಇಲ್ಲ. ಎಲ್ಲರೂ ಕೂಗುತ್ತಾರೆ, ಕೈಸನ್ನೆ ಮಾಡುತ್ತಾರೆ, ಎದುರಿನವನ ತುಟಿ ನೋಡಿ ಅರ್ಧ ಮಾತನ್ನು ತಿಳಿದುಕೊಳ್ಳುತ್ತಾರೆ. ಇಂಥವರ ನಡುವೆ ಒಬ್ಬ ಖರೆ ಕಿವುಡ ಸೇರಿಕೊಂಡರೆ ಗುರುತಿಸುವುದಾದರೂ ಹೇಗೆ? ಹೀಗಾಗಿ ನನ್ನ ಕಿವುಡು ಹತ್ತು ವರ್ಷ ತಲೆಮರೆಸಿಕೊಂಡು ಆರಾಮಾಗಿ ಬಾಳಿತು.

ಅದು ಸಿಕ್ಕಿಬಿದ್ದದ್ದು ಕರೆಂಟು ಹೋದ ಒಂದು ಮಧ್ಯಾಹ್ನ. ಎದುರು ಮನೆಗೆ ಬೀಗರು ಬಂದು ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದರು. ನಾನು ನಮ್ಮ ಕಟ್ಟೆಯ ಮೇಲಿಂದ ಒಳಗಿದ್ದ ಹೆಂಡತಿಗೆ, ಮಗ್ಗದ ಸಪ್ಪಳದ ಆಸರೆಯಲ್ಲಿ ನಿರ್ಭಯನಾಗಿ, ‘ಆ ಹಿರೇ ಬೀಗಗ ಇನ್ನೊಂದು ಹೋಳಗಿ ಹಾಕಿದ್ರ ಎತ್ಗೊಂಡ ಹೋಗಬೇಕಾಕ್ಕೈತಿ’ ಎಂದು ಕೂಗಿದೆ. ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತದ್ದು ನನಗೊಬ್ಬನಿಗೇ ತಿಳಿದಿರಲಿಲ್ಲ. ನನ್ನ ಕಿವಿಯೊಳಗೆ ಆಗಲೇ ಇನ್ನೊಂದು ಮಗ್ಗ ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು, ಅದಕ್ಕೆ ಕರೆಂಟು ಬೇಕಿರಲಿಲ್ಲ. ಹಿರೇ ಬೀಗರು ಎಲೆ ಬಿಟ್ಟು ಎದ್ದರು. ಆ ಸುದ್ದಿ ಬಾದಾಮಿಯಲ್ಲಿರುವ ಮಗಳು ಸಾವಿತ್ರಿಗೆ ಮುಟ್ಟಿ, ಅವಳು ಬಂದು ನನ್ನನ್ನು ಬಾಗಲಕೋಟೆಯ ಕಿವಿ ಡಾಕ್ಟರರ ಬಳಿಗೆ ಎಳೆದುಕೊಂಡು ಹೋದಳು.

ಅಲ್ಲೊಂದು ಸಣ್ಣ ಗಾಜಿನ ಕೋಣೆ. ಕಿವಿಗೆ ಸಪ್ಪಳ ಬಿದ್ದಾಗಲೆಲ್ಲ ಗುಂಡಿ ಒತ್ತಬೇಕು. ಪರೀಕ್ಷೆಯೆಂದರೆ ಪಾಸಾಗಬೇಕೆಂಬುದು ಮಾಸ್ತರನ ರಕ್ತದಲ್ಲೇ ಇದ್ದದ್ದರಿಂದ, ಕೇಳಿಸದಿದ್ದರೂ ಲೆಕ್ಕ ಹಾಕಿ ತಾಳಕ್ಕೆ ಸರಿಯಾಗಿ ಒತ್ತುತ್ತ ಹೋದೆ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಬಾಗಿಲು ತೆರೆದು ನಗುತ್ತ, ‘ಸರ್, ಈಗ ನಾ ಸಪ್ಪಳಾನ ಕೊಟ್ಟಿಲ್ರಿ’ ಎಂದಳು. ಜೀವಮಾನದಲ್ಲಿ ನಾನು ಕಾಪಿ ಹೊಡೆದು ಸಿಕ್ಕಿಬಿದ್ದದ್ದು ಅದೊಂದೇ ಸಲ.

ಮಷಿನ್ ಬಂತು. ಜೊತೆಗೆ ಜಗತ್ತೂ ಬಂತು, ಆದರೆ ಬಹಳ ಒರಟಾಗಿ ಬಂತು. ಪತ್ರಿಕೆಯ ಹಾಳೆ ತಿರುವಿದರೆ ತಗಡು ಹರಿದಂತೆ, ನಾನೇ ಹಪ್ಪಳ ಕಡಿದರೆ ನನಗೇ ಗಾಬರಿ. ಇದಾವುದೂ ನನಗೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಒಂದೇ, ನನ್ನ ಹೆಂಡತಿ ಗೌರವ್ವನ ಮಾತು.

ಕಿವುಡನೊಡನೆ ಬಾಳುವವರು ಮೊದಲು ಬಿಡುವುದು ಸಣ್ಣ ಮಾತುಗಳನ್ನು. ‘ಊಟಕ್ಕ ಬರ್ರಿ’ ಎಂದು ಕೂಗಬಹುದು. ಆದರೆ ಹುಣಸೆಮರದ ಮೇಲೆ ಇವತ್ತು ಗಿಳಿ ಬಂದಿದ್ದವು ಎಂಬುದನ್ನು ಮೂರು ಸಲ ಕಿರುಚಿ ಹೇಳಿದರೆ ಗಿಳಿಗಳೂ ಇರುವುದಿಲ್ಲ, ಮಾತೂ ಇರುವುದಿಲ್ಲ. ಗೌರವ್ವ ಮೊದಲು ಗಿಳಿಗಳನ್ನು ಬಿಟ್ಟಳು, ಆಮೇಲೆ ನೆರೆಹೊರೆಯ ಸುದ್ದಿಯನ್ನು, ಕೊನೆಗೆ ಊಟದ ಕರೆಯನ್ನೂ ಬಿಟ್ಟು ಮಂಚದ ಕಾಲನ್ನು ಎರಡು ಸಲ ಗುದ್ದುವುದಕ್ಕೆ ನಿಂತಳು. ಮಷಿನ್ ಹಾಕಿಕೊಂಡ ಮೇಲೆ ದಿನವೂ ಕಾದೆ. ಅವಳು ಗುದ್ದುವುದನ್ನು ಬಿಡಲಿಲ್ಲ. ವ್ಯತ್ಯಾಸವಿಷ್ಟೇ, ಮೊದಲು ಗುದ್ದು ಮೈಗೆ ತಿಳಿಯುತ್ತಿತ್ತು, ಈಗ ಕಿವಿಗೂ ಕೇಳುತ್ತಿತ್ತು. ಒಂದೇ ಸೂರಿನಡಿ ಇಬ್ಬರಿದ್ದೂ ಇಷ್ಟು ಒಂಟಿಯಾಗಿರಬಹುದೆಂದು, ಕೇಳಿಸದಿದ್ದ ದಿನಗಳಲ್ಲಿ ನನಗೆ ಹೊಳೆದೇ ಇರಲಿಲ್ಲ. ಆಗ ಮೌನದ ತಪ್ಪನ್ನು ಕಿವಿಯ ತಲೆಗೆ ಕಟ್ಟಬಹುದಿತ್ತು.

ಹೀಗಿರುವಾಗ ಒಂದು ದಿನ ಆ ಚಪ್ಪಲಿಯನ್ನು ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿಗೆ ಕೊಟ್ಟೆ. ಹೊಲಿಯುವವನು ‘ಸಂಜಿಗೆ ಬರ್ರಿ ಮಾಸ್ತರ’ ಎಂದ. ಬರಿಗಾಲಲ್ಲಿ ಮನೆಗೆ ಬಂದು ಹೊಸ್ತಿಲ ಹತ್ತಿರ ಕಾಲೊರೆಸಿಕೊಳ್ಳುತ್ತಿದ್ದಾಗ ಒಳಗಿನಿಂದ ಮಾತು ಕೇಳಿಸಿತು. ಯಾರೋ ಬಂದಿದ್ದಾರೆಂದುಕೊಂಡೆ.

ಯಾರೂ ಬಂದಿರಲಿಲ್ಲ. ಗೌರವ್ವ ಗೋಡೆಗೆ ಮುಖ ಮಾಡಿ ಕೊಂಡಿ ಹಾಕುತ್ತ ಕುಳಿತಿದ್ದಳು. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ನೇಯುವ ಮೊದಲು ಅವೆರಡನ್ನೂ ಎಳೆಗೆ ಎಳೆ ಕುಣಿಕೆ ಸಿಕ್ಕಿಸಿ ಕೂಡಿಸಬೇಕು. ಅದೇ ಕೊಂಡಿ, ನಮ್ಮ ಹೆಂಗಸರು ಗಂಟೆಗಟ್ಟಲೆ ಕುಳಿತು ಮಾಡುವ ಕೆಲಸ. ಅವಳ ಬೆರಳು ಎಳೆ ಹುಡುಕುತ್ತಿದ್ದವು, ಬಾಯಿ ಮೆಲ್ಲಗೆ ಮಾತಾಡುತ್ತಿತ್ತು. ‘ಸಾವಿತ್ರಿ ಅಪ್ಪಾರ, ಇವತ್ತ ಮೆಂತೆ ಪಲ್ಲೆ ಭಾಳ ಛಲೋ ಬಂದಿತ್ತು...’ ಗಂಡನ ಹೆಸರು ಹೇಳದ ನಮ್ಮ ಮನೆಗಳಲ್ಲಿ ಆ ಕರೆ ನನ್ನೊಬ್ಬನದು. ಅವಳು ನನ್ನೊಡನೆಯೇ ಮಾತಾಡುತ್ತಿದ್ದಳು, ನಾನಿಲ್ಲದಾಗ. ಇಷ್ಟು ವರ್ಷ ನನ್ನ ಚಪ್ಪಲಿ ಅಂಗಳದಲ್ಲಿ ಕಿರ್ರೆಂದೊಡನೆ ಆ ಮಾತು ನಿಲ್ಲುತ್ತಿತ್ತೆಂದು ಆಗ ಅರ್ಥವಾಯಿತು. ಗೋಡೆಯ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚಾಯಿತು. ಅಷ್ಟರಲ್ಲಿ ಅವಳೆಂದಳು, ‘ಎಡಗಣ್ಣ ಪೂರಾ ಮಂಜ ಆಗೇತ್ರಿ. ಎಳಿ ಕಾಣವಲ್ದು. ಅಂಜಿಕಿ ಬರತೈತಿ.’

ತಡೆಯಲಾಗಲಿಲ್ಲ. ‘ಮೊದಲ ಯಾಕ ಹೇಳಲಿಲ್ಲ?’ ಎಂದು ಓಣಿಯ ಎಲ್ಲ ಮಗ್ಗಗಳನ್ನೂ ಮೀರಿಸುವಂತೆ ಕೂಗಿದೆ. ಅವಳು ಬೆಚ್ಚಿದಳು, ಕೈಯಲ್ಲಿದ್ದ ಎಳೆ ಹರಿಯಿತು. ತಿರುಗಿ ನನ್ನ ಮುಖ ನೋಡಿ ಮೆಲ್ಲಗೆ, ಮಷಿನ್ ಇಲ್ಲದಿದ್ದರೆ ಎಂದೂ ಕೇಳಿಸದಷ್ಟು ಮೆಲ್ಲಗೆ, ‘ಹೇಳೇನ್ರಿ. ಭಾಳ ಸಲ ಹೇಳೇನಿ’ ಎಂದಳು.

ಆಮೇಲೆ ಗೋಡೆಯೊಡನೆಯೂ ಮಾತು ನಿಂತಿತು. ಇದ್ದ ಒಬ್ಬ ಕೇಳುಗನನ್ನೂ ನಾನು ಅವಳಿಂದ ಕಸಿದುಕೊಂಡಿದ್ದೆ. ಕಣ್ಣಿನ ಡಾಕ್ಟರರಲ್ಲಿಗೆ ಹೋಗೋಣವೆಂದರೆ ಬೇಡವೆಂದು ತಲೆಯಲ್ಲಾಡಿಸುವಳು. ಮೂರನೆಯ ದಿನ ನಾನು ಮಷಿನ್‌ಗಳನ್ನು ಕಿವಿಯಿಂದ ತೆಗೆದು, ಅವಳು ನೋಡುವಂತೆ ಡಬ್ಬಿಯಲ್ಲಿಟ್ಟು, ಅವಳಿಗೂ ಗೋಡೆಗೂ ನಡುವೆ ಹೋಗಿ ಕುಳಿತೆ. ಸಣ್ಣವನಿದ್ದಾಗ ಅವ್ವನ ಎದುರು ಕುಳಿತು ಎಳೆ ಬಿಡಿಸಿಕೊಟ್ಟ ಬೆರಳುಗಳಿವು, ಇನ್ನೂ ಮರೆತಿರಲಿಲ್ಲ. ನಾನು ಒಂದೊಂದೇ ಎಳೆ ಎತ್ತಿ ಕೊಟ್ಟೆ, ಅವಳು ಕುಣಿಕೆ ಹಾಕಿದಳು. ಹೀಗೆ ಒಂದು ಗೇಣು ಕೊಂಡಿ ಮುಗಿಯುವಷ್ಟರಲ್ಲಿ ಅವಳ ತುಟಿ ಅಲ್ಲಾಡತೊಡಗಿದವು. ಓಣಿಯ ವಿದ್ಯೆ ನನಗೂ ಇತ್ತು, ಆದರೆ ನಾನು ತುಟಿ ನೋಡಲಿಲ್ಲ, ಎಳೆಯನ್ನೇ ನೋಡುತ್ತ ಕುಳಿತೆ. ಎದುರಿಗಿದ್ದೂ ಗೋಡೆಯಾಗುವುದು ಹೇಗೆಂದು ಅಂದು ಕಲಿತೆ.

ಎಷ್ಟು ಹೊತ್ತಾಯಿತೋ. ಅವಳ ಕೈ ನಿಂತಿತು. ತಲೆಯೆತ್ತಿದೆ. ಅವಳು ಡಬ್ಬಿ ತೆರೆದು, ಸೆರಗಿನಿಂದ ಮಷಿನ್‌ಗಳನ್ನೊರೆಸಿ ನನ್ನ ಮುಂದೆ ಹಿಡಿದಿದ್ದಳು. ಕಣ್ಣು ತುಂಬಿತ್ತು. ತುಟಿ ಹೇಳಿದ್ದನ್ನು ಈ ಸಲ ನೋಡದೆ ಇರಲಾಗಲಿಲ್ಲ: ‘ಹಾಕ್ಕೋರಿ. ಗ್ವಾಡಿಗಿ ಇನ್ನೆಷ್ಟ ಹೇಳ್ಲಿ?’

ಬರುವ ವಾರ ಬಾಗಲಕೋಟೆಗೆ ಅವಳ ಕಣ್ಣಿನ ಆಪರೇಶನ್ನಿಗೆ ಹೊರಟಿದ್ದೇವೆ. ಹತ್ತು ವರ್ಷದ ಮಾತುಗಳು ಗೋಡೆಯಲ್ಲೇ ಉಳಿದಿವೆ, ಅದು ಒಂದನ್ನೂ ಹಿಂತಿರುಗಿಸುವುದಿಲ್ಲ. ಸಂಜೆ ಒಬ್ಬನೇ ಕುಳಿತಾಗ ಅದನ್ನು ನೋಡುತ್ತೇನೆ, ಗಿಳಿಗಳು ಬಂದದ್ದು ಯಾವ ವರ್ಷವಿರಬಹುದೆಂದು. ಚಪ್ಪಲಿಯದೂ ಒಂದು ಮಾತು ಹೇಳಬೇಕು. ರಿಪೇರಿಯಾಗಿ ಬಂದದ್ದು ಹದಿನೈದು ದಿನ ಸುಮ್ಮನಿದ್ದು ಮತ್ತೆ ಕಿರ್ರೆನ್ನತೊಡಗಿದೆ. ಮತ್ತೆ ಹೊಲಿಸಲಿಲ್ಲ. ನಿನ್ನೆ ಅಂಗಳದಲ್ಲಿ ಅದು ಕಿರ್ರೆಂದಾಗ ಒಳಗೆ ಯಾವ ಮಾತೂ ನಿಲ್ಲಲಿಲ್ಲ. ನಾನಿನ್ನೂ ಹೊಸ್ತಿಲು ದಾಟಿರಲಿಲ್ಲ, ‘ಸಾವಿತ್ರಿ ಅಪ್ಪಾರ, ಇವತ್ತ ಏನಾತಂದ್ರ...’ ಎಂದು ಅವಳು ಸುರು ಮಾಡಿದ್ದಳು.