ಬಾಳೆಹಣ್ಣು ಸುತ್ತಿದ ಇಂಗ್ಲಿಷ್

ಕಲಬುರಗಿ ಸ್ಟೇಶನ್ನಿನಲ್ಲಿ ರೈಲಿನ ಕಿಟಕಿಯಿಂದ ಒಬ್ಬರು ಮೇಡಮ್ ನಾವು ಮಾರುತ್ತಿದ್ದ ಬಾಳೆಹಣ್ಣಿಗೆ ಕೈ ಚಾಚಿದರು. ನನ್ನ ತಂಗಿ ಶಾಂತವ್ವ ಹಣ್ಣು ಕೊಡುವುದನ್ನು ಬಿಟ್ಟು, ‘ನೀವು ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ? ಏನು ತಿನ್ನುತ್ತೀರಿ?’ ಎಂದು ಇಂಗ್ಲಿಷಿನಲ್ಲಿ ಕೇಳಿಬಿಟ್ಟಳು. ಕಮಲಾಪುರದ ನಮ್ಮ ಕೆಂಪು ಬಾಳೆಹಣ್ಣು ಸುತ್ತಲು ನಾನು ತರುತ್ತಿದ್ದ ಇಂಗ್ಲಿಷ್ ರದ್ದಿ ಪತ್ರಿಕೆಗಳಲ್ಲಿ ಸಿನಿಮಾ ತಾರೆಯರ ಸಂದರ್ಶನಗಳಿರುತ್ತಿದ್ದವು. ಊರಿನ ದವಾಖಾನೆಯ ಕಂಪೌಂಡರರನ್ನು ಅರ್ಥ ಕೇಳಿ ಕೇಳಿ, ಏಳುವ, ಉಣ್ಣುವ, ಮಲಗುವ ಮಾತುಗಳನ್ನೆಲ್ಲ ಅವಳು ಅವುಗಳಿಂದಲೇ ಕಲಿತಿದ್ದಳು. ದೊಡ್ಡವರನ್ನು ಮಾತಾಡಿಸುವ ರೀತಿಯೇ ಅದು ಎಂದುಕೊಂಡಿದ್ದಳು.

ಮೇಡಮ್ ನಗುತ್ತ ಎಲ್ಲಕ್ಕೂ ಉತ್ತರಿಸಿ ನನ್ನತ್ತ ತಿರುಗಿದರು. “ಹೈದರಾಬಾದಿನ್ಯಾಗ ನಂದೊಂದು ಹೆಣ್ಣಮಕ್ಕಳ ಸಾಲಿ ಅದ. ಈಕಿನ್ನ ಕಳಸ್ರಿ, ನಾನೇ ಓದಸ್ತೀನಿ.”

ನಾನು ಎರಡನೇ ಇಯತ್ತೆಗೇ ಶಾಲೆ ಬಿಟ್ಟವನು. ಹೊಟ್ಟೆಕಿಚ್ಚಿಗೆ ಬಾಯಿ ತಾನಾಗಿ ಮಾತಾಡಿಬಿಟ್ಟಿತು. “ಗಿಣಿಗತೆ ಬಾಯಿಪಾಠ ಮಾಡ್ಯಾಳ್ರೀ. ಒಂದರ ಅರ್ಥಾನೂ ಗೊತ್ತಿಲ್ಲ.”

“ಗೊತ್ತದಲ್ಲೋ ಅಣ್ಣಾ,” ಎಂದು ತಂಗಿ ಮೆಲ್ಲಗೆ ಅಂದಳು. ಅಷ್ಟರಲ್ಲಿ ರೈಲು ಹೊರಟಿತು; ಶಾಲೆಯ ವಿಳಾಸ ಕೇಳಲಾಗಲಿಲ್ಲ. ಮೇಡಮ್ ಅವಳನ್ನೇ ನೋಡುತ್ತ ಹೋದರು.

ಈಗ ರದ್ದಿ ಬಂದರೆ ತಾರೆಯರ ಚಿತ್ರವಿರುವ ಹಾಳೆಗಳನ್ನು ನಾನೇ ಆರಿಸಿ ಅವಳ ಮುಂದಿಡುತ್ತೇನೆ. ಶಾಂತವ್ವ ಅವುಗಳತ್ತ ಕಣ್ಣು ಹಾಯಿಸದೆ, ಒಂದೊಂದಾಗಿ ತೆಗೆದುಕೊಂಡು ಹಣ್ಣು ಸುತ್ತುತ್ತಾಳೆ.