ದಾಖಲಾತಿ ಪುಸ್ತಕದಲ್ಲಿ ನಾನು ಬರೆದ ಸುಳ್ಳು

ಮೂವತ್ತೊಂದು ವರ್ಷ ಕಮಲಾಪುರದ ಸರ್ಕಾರಿ ಶಾಲೆಯಲ್ಲಿ ಕಲಿಸಿದ್ದೇನೆ. ನನ್ನ ಅಕ್ಷರ ಮುತ್ತು ಪೋಣಿಸಿದಂತಿದೆ ಎಂದು ತಪಾಸಣೆಗೆ ಬಂದ ಸಾಹೇಬರೇ ಹೇಳುತ್ತಿದ್ದರು. ಸೊಕ್ಕು ಅನ್ನುವುದಾದರೆ ಅನ್ನಿ, ಆ ಅಕ್ಷರದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ. ಆದರೆ ಅದೇ ಅಕ್ಷರದಲ್ಲಿ ಸುಳ್ಳು ಬರೆದಿದ್ದೆ ಎಂದು ಕಲಬುರಗಿಯ ಕೋರ್ಟಿನಲ್ಲಿ ನಿಂತು ಒಪ್ಪಿಕೊಂಡೆನಲ್ಲ, ಆ ದಿನದ ಬಗ್ಗೆ ಅದಕ್ಕಿಂತ ದೊಡ್ಡ ಹೆಮ್ಮೆ.

ನಿವೃತ್ತಿಯಾಗಿ ಕಲಬುರಗಿಗೆ ಬಂದ ಮೇಲಿನ ಮಾತು. ಒಂದು ಬೆಳಿಗ್ಗೆ ಪೇಪರಿನಲ್ಲಿ ಊರ ನಡುವಿನ ಜಗತ್ ವೃತ್ತದ ಹತ್ತಿರ ನಡೆದ ಹೊಡೆದಾಟದ ಸುದ್ದಿ ಬಂದಿತ್ತು. ಕಾಲೇಜು ಹುಡುಗರ ಎರಡು ಗುಂಪು, ಒಬ್ಬನ ತಲೆಗೆ ಏಟು. ತಲೆಬರಹ ‘ಮೋಮಿನಪುರದ ಪುಂಡನ ಅಟ್ಟಹಾಸ’. ಹುಡುಗನ ಹೆಸರು, ಅಪ್ಪನ ಹೆಸರು, ಫೋಟೋ ಎಲ್ಲ ಹಾಕಿದ್ದರು. ಎದುರು ಗುಂಪಿನವರೂ ಬಡಿದಿದ್ದರು. ಅವರು ಮಾತ್ರ ‘ಪ್ರತಿಷ್ಠಿತ ಕುಟುಂಬಗಳ ವಿದ್ಯಾರ್ಥಿಗಳು’, ಹೆಸರಿಲ್ಲ. ನಾನು ಚಹಾ ಕುಡಿಯುತ್ತ ಓದಿ, “ಆ ಓಣಿ ಹುಡುಗರ ಹಣೇಬರಾನ ಇಷ್ಟು” ಎಂದು ಯಜಮಾನರಿಗೆ ಹೇಳಿ ಪುಟ ತಿರುವಿದೆ. ಫೋಟೋದಲ್ಲಿದ್ದವನು ನಾನೇ ಕಲಿಸಿದ ಹುಡುಗ ಎಂದು ಗುರುತೂ ಸಿಗಲಿಲ್ಲ. ಥೂ, ನನ್ನ ಬಾಯಿಗಿಷ್ಟು!

ಮೂರನೇ ದಿನ ಅವನ ತಾಯಿ ಮನೆ ಹುಡುಕಿಕೊಂಡು ಬಂದಳು. ಆಕೆಯ ತವರು ಕಮಲಾಪುರ. ಮಗ ನಾಲ್ಕನೇ ಇಯತ್ತೆಯ ತನಕ ನನ್ನ ಹತ್ತಿರ ಓದಿದ್ದ. ಆಮೇಲೆ ಅವರು ಮೋಮಿನಪುರಕ್ಕೆ ಹೋಗಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು.

“ಟೀಚರ್, ನನ್ನ ಮಗಗ ಇನ್ನಾ ಹದಿನೇಳರೀ. ದೊಡ್ಡ ಜೈಲಿನಾಗ ಹಾಕ್ಯಾರ, ಖೂನಿ ಮಾಡಿದವ್ರ ಜೋಡಿ,” ಎಂದಳು. “ಸಾಲಿ ಕಾಗದದಾಗ ಹದಿನೆಂಟೂವರಿ ಅದ ಅಂತಾರ. ಹಡದಾಕಿ ನಾ, ನನಗ ಗೊತ್ತಿಲ್ಲೇನ್ರೀ?”

ಆ ಕಾಗದಕ್ಕೆ ಮೂಲವಾದ ದಾಖಲಾತಿ ಪುಸ್ತಕ ಬರೆದವಳು ನಾನೇ.

ನಮ್ಮ ಕಡೆಯ ಮಾಸ್ತರರಿಗೆಲ್ಲ ಗೊತ್ತಿರುವ ರೂಢಿ ಅದು. ಅಕ್ಕನ ಬೆನ್ನು ಹತ್ತಿ ಬಂದ ಕೂಸು ತಾನೂ ಕೂಡುತ್ತೇನೆ ಎಂದು ಅಳುತ್ತದೆ, ವಯಸ್ಸು ಸಾಲದು. ಹುಟ್ಟಿದ ದಿನ ಜೂನ್ ಒಂದು ಎಂದು ಬರೆದು, ವರ್ಷ ಹಿಂದಕ್ಕೆ ಸರಿಸಿ, ಒಂದನೇ ಇಯತ್ತೆಯಲ್ಲಿ ಕೂರಿಸಿಬಿಡುವುದು. ನಮ್ಮೂರ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು! ಇವನಿಗೂ ಹಾಗೇ ಮಾಡಿ, ಅದನ್ನು ಉಪಕಾರವೆಂದೇ ತಿಳಿದಿದ್ದೆ. ಈಗ ಆ ಉಪಕಾರವೇ ಅವನನ್ನು ದೊಡ್ಡವರ ಜೈಲಿಗೆ ತಳ್ಳಿತ್ತು.

“ಹೆರಿಗಿ ಕಾಗದ ಅದ ಏನವಾ?” ಎಂದೆ.

“ಕಮಲಾಪುರ ದವಾಖಾನಿದು ಅದರೀ. ಆದ್ರ ಸಾಲಿ ಕಾಗದನ ಮೊದಲು ನೋಡ್ತಾರಂತ. ಅದು ತಪ್ಪು ಅಂತ ಬರದವ್ರ ಬಂದು ಹೇಳಬೇಕಂತಾರ ವಕೀಲರು.”

ಮರುದಿನವೇ ಕಮಲಾಪುರದ ಬಸ್ಸು ಹತ್ತಿದೆ. ಈಗಿನ ಹೆಡ್‌ಮಾಸ್ತರು ನನ್ನ ಕೈಕೆಳಗೆ ಕೆಲಸ ಕಲಿತವರು. ಪುಸ್ತಕ ತೆಗೆದು ತೋರಿಸಿ, “ಸುಮ್ಮ ಇರ್ರಿ ಮೇಡಂ. ನಿಮ್ಮ ಪಿಂಚಣಿಗೆ ಕುತ್ತು ಬಂದೀತು. ಇಲ್ಲದ ಉಸಾಬರಿ ಯಾಕ ಮೈಮ್ಯಾಲ ಹಾಕ್ಕೋತೀರಿ?” ಎಂದರು.

“ಅಕ್ಷರ ಯಾರದದ ನೋಡಪಾ. ನಂದ ಉಸಾಬರಿ ಇದು,” ಎಂದು ಎದ್ದು ಬಂದೆ.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ನನ್ನನ್ನು ಕೆಣಕಿದರು. “ಹಂಗಾದ್ರ ಸರ್ಕಾರಿ ದಾಖಲೆದಾಗ ಸುಳ್ಳು ಬರದೀರಿ?”

“ಬರದೀನ್ರಿ.”

“ಇಂಥಾವು ಎಷ್ಟು ಬರದೀರಿ?”

“ಭಾಳ ಬರದೀನ್ರಿ. ಇವತ್ತು ಇದೊಂದು ತಿದ್ದಾಕ ಬಂದೀನಿ.”

ಹಿಂದೆ ಯಾರೋ ನಕ್ಕರು. ನಾನು ತಿರುಗಿ ನೋಡಿದೆ, ನಗು ನಿಂತಿತು. ಮೂವತ್ತೊಂದು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ನ್ಯಾಯಾಧೀಶರು ಹುಡುಗನನ್ನೂ ಕೇಳಿದರು. ಅವನು ಕೈಕಟ್ಟಿ ನಿಂತು, “ಕೈ ಮಾಡಿದ್ದು ಖರೇರಿ ಸಾಹೇಬ್ರ. ಅವರೂ ಮಾಡ್ಯಾರ,” ಎಂದ. ತಪ್ಪಿಸಿಕೊಳ್ಳಲು ಒಂದು ಸುಳ್ಳೂ ಸೇರಿಸಲಿಲ್ಲ. ಟೀಚರಿಗಿಂತ ಶಿಷ್ಯನೇ ವಾಸಿ ಎಂದುಕೊಂಡೆ, ಕಣ್ಣು ತುಂಬಿ ಬಂತು.

ನನಗೆ ಸರಿಯಾಗಿ ಬೈದು, ಹೆರಿಗೆಯ ಕಾಗದವನ್ನೇ ನ್ಯಾಯಾಧೀಶರು ಒಪ್ಪಿದರು. ಹುಡುಗ ಅಪ್ರಾಪ್ತ ಎಂದಾಯಿತು. ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಯಿತು, ಅವನು ವಾರದೊಳಗೆ ಜಾಮೀನಿನ ಮೇಲೆ ಮನೆಗೆ ಬಂದ.

ಪೇಪರಿನಲ್ಲೂ ಮೂಲೆಯಲ್ಲಿ ನಾಲ್ಕು ಸಾಲು ಬಂತು. ‘ಹಿರಿಯ ಶಿಕ್ಷಕಿಯೊಬ್ಬರ ಕಣ್ತಪ್ಪಿನಿಂದ’ ವಯಸ್ಸು ತಪ್ಪಾಗಿತ್ತಂತೆ. ನನ್ನ ಹೆಸರಿಲ್ಲ, ಓಣಿ ಇಲ್ಲ, ಫೋಟೋ ಇಲ್ಲ. ಕಣ್ತಪ್ಪಂತೆ! ಕಣ್ಣು ಬಿಟ್ಟುಕೊಂಡೇ ಬರೆದೆ ಎಂದು ಕೋರ್ಟಿನಲ್ಲಿ ಹೇಳಿ ಬಂದಿದ್ದೆನಲ್ಲ. ಸಿಟ್ಟು ನೆತ್ತಿಗೇರಿತು. ಪೇಪರಿನ ಕಚೇರಿಗೆ ಫೋನ್ ಹಚ್ಚಿ, “ನನ್ನ ಹೆಸರು ಯಾಕ ಹಾಕಿಲ್ಲ?” ಎಂದು ಕೇಳಿದೆ.

“ನೀವು ದೊಡ್ಡವರು ಮೇಡಂ. ಮರ್ಯಾದಿ ಪ್ರಶ್ನೆ ಅಲ್ಲೇನ್ರಿ?” ಎಂದ ವರದಿಗಾರ, ಬಹಳ ವಿನಯದಿಂದ.

“ನನಗ ಅರವತ್ತೆರಡಪಾ, ಅವಗ ಹದಿನೇಳು. ಮುಚ್ಚೂದಿದ್ರ ಯಾರ ಹೆಸರು ಮುಚ್ಚಬೇಕಿತ್ತು, ಹೇಳು.”

ಉತ್ತರ ಬರುವ ತನಕ ಫೋನ್ ಇಡುವುದಿಲ್ಲ ಎಂದು ಕುರ್ಚಿ ಎಳೆದುಕೊಂಡು ಕೂತೆ.