ಸುಳ್ಳು ನನ್ನದು, ಅಪ್ಪಲರಾಜು

ನೀವು ಸಮುದ್ರದ ನೀರು ತಂದ ರೀತಿಯಲ್ಲಿ ಯಾವ ತಪ್ಪೂ ಇರಲಿಲ್ಲ, ಅಪ್ಪಲರಾಜು. ಸುಳ್ಳು ಹೇಳಿದವಳು ನಾನು.

ಎಂಬತ್ತರ ದಶಕದ ಕೊನೆ. ದಾವಣಗೆರೆಯಿಂದ ಬಂದ ನಾನು ವಿಶಾಖಪಟ್ಟಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನೀರು ಪರೀಕ್ಷಿಸುವ ಕೆಲಸದಲ್ಲಿದ್ದೆ. ನೀವು ಪಕ್ಕದ ಊರಿನ ಮೀನುಗಾರ. ನಮಗೆ ದೋಣಿ ಓಡಿಸುತ್ತಿದ್ದಿರಿ. ನೀರಿನ ಮಾದರಿಗಾಗಿ ಸಣ್ಣ ಕಣ್ಣಿನ ಬಲೆ ಎಳೆಯುವುದನ್ನು ನಿಮಗೆ ಕಲಿಸಿದವಳು ನಾನೇ. ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಪ್ಲವಕಗಳನ್ನು, ನೀರಿನಲ್ಲಿ ತೇಲುವ ಆ ಪುಟ್ಟ ಜೀವಿಗಳನ್ನು, ತೋರಿಸಿದಾಗ — ಅಕ್ಕಿಯ ನುಚ್ಚಿಗಿಂತ ಸಣ್ಣವು, ಸೀಗಡಿಯ ಹಾಗೆ ಕಾಲು, ಮೀಸೆ — ನೀವು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಇವನ್ನು ತಿಂದೇನಾ ಅಮ್ಮಾ, ನಮ್ಮ ಮೀನು ಬದುಕೋದು?"

ಹೌದು ಅಂದಿದ್ದೆ.

ಆ ವರ್ಷ ನಿಮ್ಮೂರಿನವರ ಬಲೆಗೆ ಸೀಗಡಿ ಬೀಳುವುದು ನಿಂತಿತು. ಒಂದು ಬೆಳಿಗ್ಗೆ ನೀವು ಒದ್ದೆ ಗೋಣಿಯಲ್ಲಿ ಎರಡು ಬಾಟಲಿ ಸುತ್ತಿಕೊಂಡು ಬಂದಿರಿ. ಒಂದು ಕಾರ್ಖಾನೆಯಿಂದ ದೂರದ ಋಷಿಕೊಂಡದ ಕಡೆಯದು, ಇನ್ನೊಂದು ನಮ್ಮ ಕಾರ್ಖಾನೆಯ ಕೊಳವೆ ಸಮುದ್ರ ಸೇರುವ ಜಾಗದ್ದು. ಆಗಲೇ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದೆ. ಮೊದಲನೆಯದರಲ್ಲಿ ಎಲ್ಲವೂ ಚುರುಕಾಗಿ ಓಡಾಡುತ್ತಿದ್ದವು. ಎರಡನೆಯದರಲ್ಲಿ ಒಂದೂ ಅಲುಗಲಿಲ್ಲ. ಒಡೆದ ಚಿಪ್ಪು, ಎಣ್ಣೆಯ ಚುಕ್ಕೆ, ಅಷ್ಟೇ. ನೀವೂ ನೋಡಿದಿರಿ. ನೋಡಿಯೇ ಕಾರ್ಖಾನೆಯ ಮೇಲೆ ಸರ್ಕಾರಕ್ಕೆ ದೂರು ಕೊಟ್ಟಿರಿ.

ವಿಚಾರಣೆ ವಿಜಯವಾಡದಲ್ಲಿ ಇತ್ತು. ನೀವು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಊರಿನ ಹಿರಿಯರ ಜೊತೆ ರೈಲಿನಲ್ಲಿ ಬಂದಿದ್ದಿರಿ. ಅಧಿಕಾರಿ ನನ್ನನ್ನು ಕೇಳಿದರು — ಎರಡನೆಯ ಬಾಟಲಿಯಲ್ಲಿರುವ ಇವು ಹೇಗೆ ಸತ್ತವು?

"ಬಾಟಲಿಯನ್ನು ಬಿಸಿಲಿನಲ್ಲಿ ಇಟ್ಟಿದ್ದಾರೆ ಸರ್. ಇವರಿಗೆ ಮಾದರಿ ತೆಗೆಯಲು ಬರುವುದಿಲ್ಲ."

ಎರಡೂ ಬಾಟಲಿ ಒಂದೇ ಗೋಣಿಯಲ್ಲಿ ಬಂದಿದ್ದವು, ಒಂದರಲ್ಲಿ ಜೀವವಿತ್ತು — ಆ ಮಾತನ್ನು ನಾನು ಎತ್ತಲೇ ಇಲ್ಲ. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಮೇಲಿನವರಿಗೆ ಏನು ಬೇಕು ಎಂದು ನನಗೇ ಗೊತ್ತಿತ್ತು. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ನೀವು ನನ್ನ ಮುಖ ನೋಡಿದಿರಿ. ದೂರು ಬಿದ್ದುಹೋಯಿತು. ಕೊಳವೆ ಹಾಗೆಯೇ ಹರಿಯಿತು. ಊರಿನವರು, ನಿಮ್ಮ ಸ್ವಂತ ಅಣ್ಣನೂ, ಎಲ್ಲರ ಮಾನ ಕಳೆದ ಎಂದು ನಿಮ್ಮನ್ನು ದೋಣಿ ಹತ್ತಿಸಲಿಲ್ಲವಂತೆ.

ತೊಂಬತ್ತರ ದಶಕದ ನಡುವೆ ವಿಜಯವಾಡದ ಆಟೋನಗರದಲ್ಲಿ ನಮ್ಮ ಜೀಪು ಕೆಟ್ಟು ನಿಂತಿತು. ಎದುರಿನ ಶೆಡ್ಡಿನಲ್ಲಿ ಲಾರಿಯ ಟಾರ್ಪಾಲು ಹೊಲಿಯುತ್ತಿದ್ದವರು ಎದ್ದು ಬಂದರು — ನೀವು. ಸ್ಟೂಲು ಒರೆಸಿ ಕೊಟ್ಟಿರಿ, ಟೀ ತರಿಸಿದಿರಿ. ಬೈಯುತ್ತೀರಿ ಎಂದು ಕಾದೆ.

"ನೆರಳಿನಲ್ಲೇ ತಂದಿದ್ದೆ ಅಂತ ನನ್ನ ನೆನಪು, ಅಮ್ಮಾ," ಅಂದಿರಿ. "ಆದರೆ ನೀವು ಓದಿದವರು. ನಾನೇ ಎಲ್ಲೋ ಬಿಸಿಲಿಗೆ ಇಟ್ಟು ಮರೆತಿರಬೇಕು."

ಅಷ್ಟು ವರ್ಷ ನೀವು ನಿಮ್ಮನ್ನೇ ಅನುಮಾನಿಸಿಕೊಂಡು ಬದುಕಿದ್ದಿರಿ. ಆಗಲಾದರೂ ನಾನು ಬಾಯಿಬಿಡಬಹುದಿತ್ತು. ಟೀ ಕುಡಿದೆ. ಜೀಪು ಸರಿಯಾಯಿತು, ಹತ್ತಿದೆ.

ಮೊದಲನೆಯ ಸುಳ್ಳಿಗಿಂತ ಆ ಮೌನ — ಅದನ್ನು ಏನೆಂದು ಕರೆಯಲಿ, ತಿಳಿಯದು.

ನಾನೀಗ ನಿವೃತ್ತಳು. ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ನಿಮಗೆ ಓದಲು ಬರುವುದಿಲ್ಲ ಎಂದೂ ಗೊತ್ತು. ಹಾಗಾಗಿ ಬರೆದ ಮಾತ್ರಕ್ಕೆ ಮುಗಿಯುವುದಿಲ್ಲ. ಈ ವಾರ ವಿಜಯವಾಡಕ್ಕೆ ಬರುತ್ತೇನೆ. ನಿಮಗೆ ತೆಲುಗಿನಲ್ಲಿ ಹೇಳಿ, ನೀವು ಒಪ್ಪಿದರೆ ನಿಮ್ಮೂರಿಗೆ ಹೋಗಿ ನಿಮ್ಮ ಅಣ್ಣನ ಎದುರಿಗೂ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.